ಹೊಡೆದುಹಾಕಿದ ರೀಡಿಂಗ್‌ಗಳಿರುವ ಜರ್ನಲ್

ಗದಗಿನಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. ಪಿಯುಸಿ ಮುಗಿಯುತ್ತಿದೆ, ಭೌತಶಾಸ್ತ್ರವನ್ನೇ ಓದುತ್ತೇನೆ ಎಂಬ ಹಟ. "ಮಾಮಾ, ಧಾರವಾಡದಲ್ಲಿ ಬಿಎಸ್ಸಿಗೆ ಸೇರಲೋ, ಪುಣೆಯ ಐಸರ್‌ಗೆ ಪ್ರಯತ್ನ ಮಾಡಲೋ?" ಐಸರ್ ಎಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆ. ಹಿಂದಿನಿಂದ ಅವಳ ಅಪ್ಪನ ದನಿ: ಯಾವುದಕ್ಕೆ ಹೆಸರು ಹೆಚ್ಚು, ಅದನ್ನು ಕೇಳು.

ನಾನಿರುವ ಜರ್ಮನಿಯ ಗಾಟಿಂಗೆನ್‌ಗೆ ಹೆಸರೇನೂ ಕಡಿಮೆಯಿಲ್ಲ. ಬಾರ್ನ್, ಹೈಸೆನ್‌ಬರ್ಗ್, ಜೋರ್ಡಾನ್ ಎಂಬ ವಿಜ್ಞಾನಿಗಳು ಕೂಡಿ 1925ರಲ್ಲಿ ಪರಮಾಣು ಲೋಕದ ನಿಯಮಗಳನ್ನು ಹೇಳುವ ಕ್ವಾಂಟಂ ಬಲವಿಜ್ಞಾನವನ್ನು ಕಟ್ಟಿದ ಊರಿದು. ಆದರೂ ನಾನು ಕಂಡ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮನೆ ಹತ್ತಿರ, ಬಾಡಿಗೆ ಕಡಿಮೆ ಎಂದು ಇಲ್ಲಿಗೆ ಬಂದವರು. ನಿಜವಾದ ಪರೀಕ್ಷೆ ಶುರುವಾಗುವುದು ಸೇರಿದ ಮೇಲೆ. ಪ್ರತಿ ವಾರ ಲೆಕ್ಕಗಳ ಒಂದು ಹಾಳೆ ಕೊಡುತ್ತಾರೆ. ಇಬ್ಬರು ಮೂವರು ಕೂಡಿ ಬಿಡಿಸಿ ಒಪ್ಪಿಸಬೇಕು, ಕರೆದರೆ ಹಲಗೆಯ ಮುಂದೆ ನಿಂತು ವಿವರಿಸಬೇಕು. ಅನೇಕ ಕೋರ್ಸುಗಳಲ್ಲಿ ಈ ಹಾಳೆಗಳಲ್ಲಿ ಅರ್ಧದಷ್ಟಾದರೂ ಅಂಕ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೊದಲ ವರ್ಷವೇ ಬಿಟ್ಟುಹೋಗುವವರು ಬಹಳ. ಅವರನ್ನು ತಡೆದು ಮಾತನಾಡಿಸುವವರು ಕಡಿಮೆ ಎಂಬುದು ನನಗೆ ಇಂದಿಗೂ ನೋವು.

ನಾನು ನಮ್ಮ ಕಡೆಯ ಕಾಲೇಜೊಂದರಲ್ಲಿ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವನು. ಬೆಳಕಿನ ಉಂಗುರಗಳನ್ನು ಅಳೆಯುವ ನ್ಯೂಟನ್ ಉಂಗುರಗಳ ಪ್ರಯೋಗಕ್ಕೆ, ಹಿಂದಿನ ವರ್ಷದವರ ಜರ್ನಲ್‌ನಿಂದ, ಅಂದರೆ ಪ್ರಯೋಗದ ದಾಖಲೆ ಪುಸ್ತಕದಿಂದ, ರೀಡಿಂಗ್ ಇಳಿಸಿಕೊಂಡು ಸಹಿ ಹಾಕಿಸಿದೆವು. ಎಂಎಸ್ಸಿಗೆ ಇಲ್ಲಿಗೆ ಬಂದಾಗ, ನನ್ನ ಅಳತೆಯಲ್ಲಿ ಎಷ್ಟು ದೋಷವಿರಬಹುದೆಂದು ಲೆಕ್ಕ ಹಾಕಲು ಬರದೆ ನಿಂತೆ. ಕಳೆದುಕೊಂಡದ್ದೇನು ಎಂದು ಆಗ ತಿಳಿಯಿತು. ಆದರೆ ಅದೇ ಕಾಲೇಜಿನ ಗುರುಗಳೊಬ್ಬರು ಒಂದು ಸಂಜೆ ಪ್ರಯೋಗಾಲಯದ ಬೀಗ ತೆಗೆಸಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರುವ ಸ್ಪೆಕ್ಟ್ರೋಮೀಟರ್ ಮುಂದೆ ನನ್ನನ್ನು ಎರಡು ತಾಸು ಕೂರಿಸಿದ್ದರು. ಸೋಡಿಯಂ ದೀಪದ ಹಳದಿ ಗೆರೆ ಒಡೆದು ಎರಡಾಗಿ ಕಂಡದ್ದು ಅಂದು. ಮರುದಿನ ಖಾನಾವಳಿಯ ಬಾಗಿಲಲ್ಲಿ ಸಿಕ್ಕಾಗ, ಎರಡು ಗೆರೆ ಯಾಕೆ ಎಂದು ಯೋಚಿಸಿದೆಯಾ ಎಂದು ಕೇಳಿದರು. ನಾನು ಭೌತಶಾಸ್ತ್ರದಲ್ಲಿ ಉಳಿದದ್ದು ಆ ಪ್ರಶ್ನೆಯಿಂದ.

ಹೀಗಾಗಿ ಹುಡುಗಿಗೆ ಹೇಳಿದೆ: ಐಸರ್‌ಗಾಗಿ ಐಎಟಿ ಪ್ರವೇಶ ಪರೀಕ್ಷೆ ಬರೆ, ಭುವನೇಶ್ವರದ ಅಂಥದೇ ಸಂಸ್ಥೆ ನೈಸರ್‌ಗಾಗಿ ನೆಸ್ಟ್ ಪರೀಕ್ಷೆ ಬರೆ, ಸೀಟು ಸಿಕ್ಕರೆ ಹೋಗು. ಸಿಗದಿದ್ದರೆ ಧಾರವಾಡವನ್ನು ಸೋಲೆಂದು ತಿಳಿಯಬೇಡ. ಆದರೆ ಅಲ್ಲಿ ಪ್ರಯೋಗಗಳನ್ನು ನಿಜವಾಗಿ ಮಾಡಿಸುತ್ತಾರೆಯೇ ಎಂದು ನೋಡದೆ ಕಾಲೇಜನ್ನು ಆರಿಸಬೇಡ.

ಬರುವ ಶನಿವಾರ ಅವಳು ಧಾರವಾಡದ ಬಸ್ ಹತ್ತುತ್ತಾಳೆ. ಎರಡನೆಯ ವರ್ಷದ ಹುಡುಗಿಯೊಬ್ಬಳ ಪ್ರಯೋಗದ ಜರ್ನಲ್ ಕೇಳಿ ಪಡೆದು, ಅದರಲ್ಲಿ ಹೊಡೆದುಹಾಕಿ ಮತ್ತೆ ಬರೆದ ರೀಡಿಂಗ್‌ಗಳು ಇವೆಯೇ ಎಂದು ನೋಡಿ ಬಾ ಎಂದಿದ್ದೇನೆ.