ಬೀಟಲ್ಸ್ ಬಂದಿದ್ವಡ

ನಮ್ಮ ಭಾವ ಗೋಕರ್ಣದಲ್ಲಿ, ಕುಡ್ಲೆ ಬೀಚಿಗೆ ಇಳಿಯುವ ದಾರಿಯಲ್ಲಿ ಒಂದು ಕೆಫೆ ಶುರು ಮಾಡಿದ್ದಾನೆ. ಬಾಗಿಲಲ್ಲೇ ಒಂದು ಹಲಗೆ: ‘1968ರಲ್ಲಿ ಬೀಟಲ್ಸ್ ಇಲ್ಲಿ ಕುಳಿತಿದ್ದರು.’ ಬೀಟಲ್ಸ್ ಅಂದರೆ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಅನ್ನುವ ನಾಲ್ವರ ಇಂಗ್ಲೆಂಡಿನ ಬ್ಯಾಂಡು. 1968ರಲ್ಲಿ ಆ ಜಾಗದಲ್ಲಿ ಇದ್ದದ್ದು ಅವನ ಅಜ್ಜನ ಕೊಟ್ಟಿಗೆ.

“ಕೊಟ್ಟಿಗೇಲಿ ಎಂತಕ್ಕೆ ಕೂತ್ವೋ ಭಾವ?” ಅಂದೆ.

“ಶಾಂತಿ ಹುಡುಕ್ತಾ ಬಂದಿದ್ವಡ,” ಅಂದ.

‘ಅಡ’ ಗೊತ್ತಿಲ್ಲದವರಿಗೆ ಒಂದು ಮಾತು. ನೀವು ‘ಅಂತೆ’ ಅನ್ನುವ ಕಡೆ ನಮ್ಮ ಹವ್ಯಕರು ‘ಅಡ’ ಅನ್ನುತ್ತಾರೆ. ಬಂದಿದ್ವಡ, ಹೋದ್ವಡ. ಬಹಳ ಅನುಕೂಲದ ಬಾಲ ಅದು. ಒಮ್ಮೆ ಅಡ ಅಂದುಬಿಟ್ಟರೆ ಯಾರು ಹೇಳಿದ್ದು, ಯಾರು ಕಂಡಿದ್ದು ಅಂತ ಯಾರೂ ಕೇಳುವ ಹಾಗಿಲ್ಲ. ಸುದ್ದಿ ನಿಮ್ಮದು, ಜವಾಬ್ದಾರಿ ಊರಿನದು.

ಒಳಗೆ ಹೋದೆ. ಮೆನು ಕಾರ್ಡಿನಲ್ಲಿ ಲೆನನ್ ಲೆಮನ್ ಸೋಡಾ, ಜಾರ್ಜ್ ಜಿಂಜರ್ ಚಾ, ಪಾಲ್ ಪಾಯಸ. ರಿಂಗೋ ರಿಂಗ್ಸ್ ಅಂದರೆ ಈರುಳ್ಳಿ ಬಜೆ. ಚಾಕ್ಕೆ 160 ರೂಪಾಯಿ. ಅದೇ ಶುಂಠಿ, ಅದೇ ಹಾಲು, ಲೋಟ ಮಾತ್ರ ಮಣ್ಣಿನದು. ಗೋಡೆ ತುಂಬ ನಾಲ್ಕು ದೊಡ್ಡ ಮುಖ ಬಿಡಿಸಿದ್ದಾರೆ. ದುಂಡು ಕನ್ನಡಕದ ಲೆನನ್ ಸರಿ. ಗಡ್ಡದ ಜಾರ್ಜ್ ಹ್ಯಾರಿಸನ್ ಸರಿ. ಪಾಲ್ ಮೆಕಾರ್ಟ್ನಿ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಹಾಗೆ ಕಾಣುತ್ತಿದ್ದರೂ ಒಪ್ಪಬಹುದು. ನಾಲ್ಕನೆಯದು ಜಡೆಜಡೆ ಕೂದಲಿನ ಬಾಬ್ ಮಾರ್ಲಿ.

“ಇಂವ ಬೀಟಲ್ಸ್ ಅಲ್ದೋ ಭಾವ. ಜಮೈಕಾದವ.”

“ಗೊತ್ತಿದ್ದು. ರಿಂಗೋನ ಯಾರಿಗೂ ಗುರ್ತು ಸಿಗ್ತಿಲ್ಲೆ. ಇಂವನ ಟೀ ಶರ್ಟ್ ಚಲೋ ಹೋಗ್ತು.”

ರಿಂಗೋ ಸ್ಟಾರ್ ಹಣೆಬರಹವೇ ಹಾಗೆ ಅನ್ನಿ. ಎಡಗೈಯವ, ಬಲಗೈಯವರಿಗೆ ಜೋಡಿಸಿದ ಡ್ರಮ್ಮಿನ ಮೇಲೆ ಬಾರಿಸುತ್ತಿದ್ದ. ಹಾಗಾಗಿಯೇ ಅವನ ಉರುಳಿಕೆಗಳು ಬೇರೆಯವರ ಕೈಗೆ ಸುಲಭಕ್ಕೆ ಹತ್ತುವುದಿಲ್ಲ. ನಮ್ಮ ಕಡೆ ಚಂಡೆಯವರಿಗೆ ಹೇಳಿದರೆ ಕೂಡಲೇ ಅರ್ಥವಾಗುವ ಸಂಗತಿ. ಆದರೆ ಹಿಮ್ಮೇಳದಲ್ಲಿ ಭಾಗವತರ ಹೆಸರು ಮಾತ್ರ ಪೋಸ್ಟರಿಗೆ ಬರುವುದು, ಅಲ್ವಾ?

ಸ್ಪೀಕರಿನಲ್ಲಿ ಹಾಡು ಬರುತ್ತಿತ್ತು. ಹೋಟೆಲ್ ಕ್ಯಾಲಿಫೋರ್ನಿಯಾ. ಅದು ಈಗಲ್ಸ್ ಅನ್ನುವ ಅಮೆರಿಕದ ಬ್ಯಾಂಡಿನ 1976ರ ಆಲ್ಬಮ್ಮಿನ ಹಾಡು. ಅಷ್ಟೊತ್ತಿಗೆ ಬೀಟಲ್ಸ್ ಬೇರೆಯಾಗಿ ಆರು ವರ್ಷ. ಬೀಟಲ್ಸಿನದು ಒಂದು ಹಾಕೋ ಅಂತ ಕೌಂಟರಿನ ಮಾಣಿಗೆ ಹೇಳಿದೆ. ಅವನು ಮೊಬೈಲ್ ಉಜ್ಜಿ ಉಜ್ಜಿ, “ಅಣ್ಣಾ, ಅವರದು ರಿಮಿಕ್ಸ್ ಇದ್ಯಾ?” ಅಂತ ಕೇಳಿದ.

ಈ ಜಾಡ್ಯ ಭಾವನೊಬ್ಬನದೇ ಅಲ್ಲ. ಒಂದು ಹಲಗೆ ಬಿದ್ದದ್ದೇ ತಡ, ಅಕ್ಕಪಕ್ಕ ಹಲಗೆಗಳ ಬೆಳೆ ಬಂತು. ಒಬ್ಬರ ಹೋಮ್‌ಸ್ಟೇಯಲ್ಲಿ ‘ಲೆನನ್ ಮಲಗಿದ ಕೋಣೆ’, ರಾತ್ರಿಗೆ 500 ಜಾಸ್ತಿ. ಓಂ ಬೀಚಿನ ಹತ್ತಿರ ಇನ್ನೊಬ್ಬರ ಪ್ರಕಾರ ಆ ನಾಲ್ವರು ಬೀಚಿನ ಆಕಾರ ನೋಡಿಯೇ ಹಾಡಿಗೆ ‘ಜೈ ಗುರುದೇವ ಓಂ’ ಸೇರಿಸಿದ್ದು. ಅಕ್ರಾಸ್ ದ ಯೂನಿವರ್ಸ್ ಅನ್ನುವ ಆ ಹಾಡನ್ನು 1968ರ ಫೆಬ್ರುವರಿ 4ಕ್ಕೆ, ಭಾರತಕ್ಕೆ ಹೊರಡುವ ಮೊದಲೇ, ಲಂಡನ್ನಿನಲ್ಲಿ ಹಾಡಿಯಾಗಿತ್ತು ಅಂದೆ. “ನೋಡಿದ್ರಾ, ಬರೋದಕ್ಕೆ ಮೊದಲೇ ಕಂಡುಬಿಟ್ಟಿದ್ರು,” ಅಂದರು.

ಆ ವರ್ಷ ಅವರು ಬಂದದ್ದು ನಿಜ. ಆದರೆ ಬಂದದ್ದು ಋಷಿಕೇಶಕ್ಕೆ, ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ. ರಿಂಗೋ ಸೂಟ್‌ಕೇಸಿನಲ್ಲಿ ಬೇಯಿಸಿದ ಬೀನ್ಸಿನ ಡಬ್ಬಿಗಳನ್ನು ತಂದಿದ್ದ. ಸಣ್ಣವನಿದ್ದಾಗಿನಿಂದ ಹೊಟ್ಟೆಯ ತಾಪತ್ರಯ, ಖಾರ ಆಗದು. ಹತ್ತು ದಿನಕ್ಕೇ ಗಂಟು ಕಟ್ಟಿದ. ಪಾಲ್ ಒಂದು ತಿಂಗಳು ಚಿಲ್ಲರೆ ಇದ್ದ. ಜಾನ್ ಮತ್ತು ಜಾರ್ಜ್ ಏಪ್ರಿಲ್ ತನಕ ಇದ್ದು, ಕೊನೆಗೆ ಗುರುಗಳ ಮೇಲೆ ಮುನಿಸಿಕೊಂಡು ಹೊರಟರು. ಧ್ಯಾನ ಎಷ್ಟಾಯಿತೋ, ಹಾಡಂತೂ ರಾಶಿ ರಾಶಿ ಆಯಿತು. ಪ್ರುಡೆನ್ಸ್ ಫ್ಯಾರೋ ಅನ್ನುವ ಹುಡುಗಿ ಧ್ಯಾನಕ್ಕೆ ಕೂತವಳು ಕುಟೀರ ಬಿಟ್ಟು ಹೊರಗೇ ಬರಲಿಲ್ಲ. ಲೆನನ್ ಅವಳಿಗಾಗಿ, ಹೊರಗೆ ಬಾರೇ ಮಾರಾಯ್ತಿ ಅನ್ನುವ ಅರ್ಥದ ಒಂದು ಹಾಡು ಕಟ್ಟಿದ. ಗಿಟಾರಿನ ತಂತಿಯನ್ನು ಒಂದೊಂದಾಗಿ ಮೀಟುತ್ತಾ ಇಳಿಯುತ್ತದೆ ಆ ಹಾಡು. ಮಳೆ ನಿಂತ ಮೇಲೆ ಅಡಿಕೆ ಸೋಗೆಯಿಂದ ಹನಿ ಬೀಳುವ ಹಾಗೆ. ಅದೂ ಸೇರಿ ಆ ವರ್ಷದ ನವೆಂಬರಿನಲ್ಲಿ ಬಂದ, ಬಿಳಿ ರಟ್ಟಿನ ಜೋಡಿ ರೆಕಾರ್ಡಿನಲ್ಲಿ 30 ಹಾಡುಗಳಿವೆ. ಬಹಳಷ್ಟು ಋಷಿಕೇಶದಲ್ಲಿ ಹುಟ್ಟಿದವು.

ಋಷಿಕೇಶದಿಂದ ಅವರು ಗೋಕರ್ಣಕ್ಕೆ ಬರುವುದಾದರೂ ಹೇಗೆ? ಕೊಂಕಣ ರೈಲು ಈ ತುದಿಯಿಂದ ಆ ತುದಿಗೆ ಓಡಿದ್ದೇ 1998ರಲ್ಲಿ. ಕಾರವಾರದಲ್ಲಿ ಕಾಳಿ ನದಿಗೆ ಹಳೇ ಸೇತುವೆ ಬಂದದ್ದು 80ರ ದಶಕದಲ್ಲಿ, ಅದೂ 2024ರ ಆಗಸ್ಟಿನಲ್ಲಿ ಮುರಿದು ಬಿತ್ತು. ಅಂದರೆ ಗೋವಾ ಕಡೆಯಿಂದ ಬಂದರೆ ಲೆನನ್ ದೋಣಿಯಲ್ಲಿ ಬುಟ್ಟಿ ಮೀನಿನ ಪಕ್ಕ ಕೂತು ಹೊಳೆ ದಾಟಬೇಕಿತ್ತು. ಇದನ್ನು ಹೇಳಿ ತಪ್ಪು ಮಾಡಿದೆ. ಮರುವಾರ ಕೆಫೆಯ ಗೋಡೆಯಲ್ಲಿ ಹೊಸ ಚಿತ್ರ: ದೋಣಿಯಲ್ಲಿ ಲೆನನ್, ಪಕ್ಕದಲ್ಲಿ ಬಂಗಡೆ ಬುಟ್ಟಿ.

ಇನ್ನು ಫೋಟೋ ಹುಚ್ಚು. 1969ರ ಆಗಸ್ಟಿನಲ್ಲಿ ಆ ನಾಲ್ವರು ಲಂಡನ್ನಿನ ಆ್ಯಬಿ ರೋಡಿನ ಜೀಬ್ರಾ ಪಟ್ಟೆ ದಾಟುವ ಫೋಟೋ ತೆಗೆಸಿಕೊಂಡರು. ಪಾಲ್ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದನ್ನೇ ಹಿಡಿದು, ಪಾಲ್ ಸತ್ತುಹೋಗಿದ್ದಾನೆ, ಇದು ಅವನ ಹೆಣದ ಮೆರವಣಿಗೆ ಅಂತ ಜಗತ್ತೆಲ್ಲ ಗುಲ್ಲಾಯಿತು. ಅಲ್ಲಿಯೂ ಅಡ ಇದೆ ಅಂತ ಆಯಿತು. ನಮ್ಮೂರಿನವರು ನೋಡಿದ್ದರೆ, ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳೆದುಕೊಂಡಿದ್ದಾನೆ ಪಾಪ ಅಂತ ಸುಮ್ಮನಾಗುತ್ತಿದ್ದರು. ಈಗ ನಮ್ಮ ರಥಬೀದಿಯಲ್ಲಿ ದಿನವೂ ನಾಲ್ಕು ನಾಲ್ಕು ಜನ ಸಾಲಾಗಿ, ಕಾಲು ಚಾಚಿ ನಿಲ್ಲುತ್ತಾರೆ. ಪಟ್ಟೆ ಇಲ್ಲ. ಚಪ್ಪಲಿ ನಾಲ್ವರಿಗೂ ಇಲ್ಲ. ಎರಡನೆಯವನ ಮತ್ತು ಮೂರನೆಯವನ ನಡುವೆ ಒಂದು ದನ.

ಮೊನ್ನೆ ಇದೇ ವಿಷಯಕ್ಕೆ ಆಸಕ್ತರ ಸಭೆ. ನಾಲ್ವರ ಮೂರ್ತಿ ನಿಲ್ಲಿಸಬೇಕು, ಸೆಲ್ಫಿಗೆ ಜಾಗ ಆಗುತ್ತದೆ ಅಂತ ಠರಾವು. ಎಷ್ಟು ಎತ್ತರ? ಮುರುಡೇಶ್ವರದ ಶಿವ 123 ಅಡಿ ಇದ್ದಾನೆ, ತೀರಾ ಕಡಿಮೆಯಾದರೆ ಮರ್ಯಾದೆ ಅಲ್ಲ ಅಂದರು ಒಬ್ಬರು. ಒಂದು ‘ಅಡ’ದ ಮೇಲೆ ಅಷ್ಟು ಅಡಿ ಕಟ್ಟುವುದು ಜಗತ್ತಿನಲ್ಲಿ ನಮಗೊಬ್ಬರಿಗೇ ಸಾಧ್ಯ.

ನಾನು ಎದ್ದು ನಿಂತು ಹೇಳಿದೆ: ಹೊರದೇಶದ ಸಂಗೀತಗಾರನೇ ಬೇಕು ಅಂತಾದರೆ ನಮ್ಮಲ್ಲಿಗೆ ಒಬ್ಬ ಬಂದುಹೋದವನು ಇದ್ದಾನಲ್ಲ, ರಾವಣ! ಲಂಕೆಯವ. ವೀಣೆ ನುಡಿಸಿ ಶಿವನನ್ನೇ ಒಲಿಸಿಕೊಂಡವ. ನಾಲ್ಕು ತಲೆಯ ಬ್ಯಾಂಡಿನ ಬದಲು ಹತ್ತು ತಲೆಯ ಒಬ್ಬನೇ ಸಾಕು. ಬಂದದ್ದಕ್ಕೆ ಸಾಕ್ಷಿಯಾಗಿ ಆತ್ಮಲಿಂಗವನ್ನೇ ಇಟ್ಟುಹೋಗಿದ್ದಾನೆ. ಸಭೆಗೆ ಸಿಟ್ಟು ಬಂತು. ಅದು ಬೇಡ ಅಂದರೆ ಟ್ಯಾಗೋರ್ ಇದ್ದಾರೆ ಅಂದೆ. ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಡ್ಜ್ ಆಗಿದ್ದಾಗ, 1880ರ ದಶಕದಲ್ಲಿ, ಇಪ್ಪತ್ತರ ಹರೆಯದ ರವೀಂದ್ರರು ಬಂದಿದ್ದರು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಬಂದದ್ದನ್ನು ತಾವೇ ಬರೆದಿಟ್ಟಿದ್ದಾರೆ. ಇಲ್ಲೇ ಕೂತು ಒಂದು ನಾಟಕವನ್ನೂ ಬರೆದರು. ಕಟ್ಟಿದ ಹಾಡು ಎರಡು ಸಾವಿರಕ್ಕೂ ಜಾಸ್ತಿ.

“ಅವರ ಹೆಸರು ಬೀಚಿಗೆ ಇಟ್ಟಾಗಿದೆಯಲ್ಲ, ಇನ್ನೆಂತ?” ಅಂದರು ಅಧ್ಯಕ್ಷರು.

ಅದೂ ನಿಜ. ಬಂದವರಿಗೆ ಹೆಸರು ಸಾಕು. ಬಾರದವರಿಗೆ ಮೂರ್ತಿ ಬೇಕಾಗುತ್ತದೆ.

ಕೊನೆಗೆ ಸಾಕ್ಷಿ ಹುಡುಕಲು ಭಾವನೂ ನಾನೂ ಪೇಟೆಯ ಹಳೇ ಚಾ ಅಂಗಡಿಯ ಅಜ್ಜನ ಹತ್ತಿರ ಹೋದೆವು. ಅಜ್ಜ ಆಗ ಹುಡುಗ, ಅಪ್ಪನ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ. ಬಿಳಿಯರು ಬಂದಿದ್ದರಾ ಅಂತ ಕೇಳಿದ್ದಕ್ಕೆ, “ಬಂದಿದ್ರು. ನಾಲ್ಕು ಜನ. ಉದ್ದ ಕೂದಲು. ಒಬ್ಬನ ಕೈಲಿ ಗಿಟಾರು,” ಅಂದ. ಎಲ್ಲೂ ಅಂತೆ ಇಲ್ಲ, ಅಡ ಇಲ್ಲ. ಭಾವನ ಮುಖ ಅರಳಿತು. ಯಾವ ವರ್ಷ ಅಂದರೆ, “ಬಾಂಗ್ಲಾ ಯುದ್ಧದ ವರ್ಷ ತಮಾ.”

ಅಂದರೆ 1971. ಆ ವರ್ಷ ಪಾಲ್, ಪಾಲುಗಾರಿಕೆ ಮುರಿದುಕೊಡಿ ಅಂತ ಉಳಿದ ಮೂವರ ಮೇಲೆ ಹಾಕಿದ ಕೇಸು ಲಂಡನ್ನಿನ ಕೋರ್ಟಿನಲ್ಲಿ ನಡೆಯುತ್ತಿತ್ತು. ಹೆಸರಿಗೆ ತಕ್ಕ ಮನುಷ್ಯ. ಥೇಟ್ ನಮ್ಮ ಅಡಿಕೆ ತೋಟದ ಅಣ್ಣತಮ್ಮಂದಿರು. ಅದೇ ಆಗಸ್ಟ್ 1ಕ್ಕೆ ಜಾರ್ಜ್ ಮತ್ತು ಪಂಡಿತ್ ರವಿಶಂಕರ್ ಸೇರಿ ಬಾಂಗ್ಲಾ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಕಛೇರಿ ಮಾಡಿದರು. ರವಿಶಂಕರ್ ಸಿತಾರಿನ ಶ್ರುತಿ ಮಾಡಿ ಮುಗಿಸಿದ್ದಕ್ಕೇ ಜನ ಜೋರು ಚಪ್ಪಾಳೆ ತಟ್ಟಿದರು. ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸಬಹುದು ಅಂದರು ಪಂಡಿತರು. ನಮ್ಮಲ್ಲಿ ಶ್ರುತಿ ಮಾಡುವ ಹೊತ್ತಿಗೆ ಜನ ಚಾ ಕುಡಿಯಲು ಏಳುತ್ತಾರೆ.

“ಮೂರು ವರ್ಷ ಆಚೆಈಚೆ ಆದ್ರೆ ಅಡ್ಡಿಲ್ಲೆ,” ಅಂತ ಭಾವ ನನ್ನ ಕಿವಿಯಲ್ಲಿ ಉಸುರಿದ. ಆಮೇಲೆ ಅಜ್ಜನಿಗೆ, “ಅವ್ರು ನಿಮ್ಮಲ್ಲಿ ಏನಾದ್ರೂ ಬಿಟ್ಟು ಹೋಗಿದ್ದಾರಾ ಅಜ್ಜಾ? ಕಾಗದ, ಸಹಿ?”

“ಉದ್ರಿ ಬಿಟ್ಟು ಹೋಗಿದ್ದಾರೆ. ಎಂಟು ಚಾ, ನಾಲ್ಕು ಬನ್ಸು. ಅಪ್ಪ ಬರೆದಿಟ್ಟಿದ್ದಾರೆ.”

ಅಜ್ಜ ಒಳಗೆ ಹೋಗಿ, ಗೆದ್ದಲು ತಿಂದು ಉಳಿದ ಕೆಂಪು ರಟ್ಟಿನ ಪುಸ್ತಕ ತಂದ. ‘ಬಿಳಿ ನಾಲ್ಕು’ ಅಂತ ಪೆನ್ಸಿಲಿನಲ್ಲಿ ಒಂದು ಸಾಲು. ಭಾವನ ಕೈ ನಡುಗುತ್ತಿತ್ತು. ಗಾಜು ಹಾಕಿಸಿ ಕೆಫೆಯಲ್ಲಿ ಇಡ್ತೇನೆ, ಎಷ್ಟು ಬೇಕಾದ್ರೂ ಕೊಡ್ತೇನೆ ಅಂದ.

“ತಗೊಂಡು ಹೋಗು ತಮಾ,” ಅಂದ ಅಜ್ಜ. “ಅದೇ ಪುಟದಲ್ಲಿ ಕೆಳಗೆ ನಿನ್ನ ಅಪ್ಪನ ಲೆಕ್ಕವೂ ಉಂಟು. ಅದನ್ನ ಮೊದಲು ಕೊಟ್ಟು ಹೋಗು.”