ನಮ್ಮ ಗಿರಿಗೆ ಕಾರ್ಬನ್ ವೀಲ್ ಹಾಕಿಸುವ ಮುಂಚೆ ಬ್ರೇಕ್ ನೋಡಿ

ರೋಡ್ ಬೈಕ್‌ಗೆ ಕಾರ್ಬನ್ ವೀಲ್‌ಸೆಟ್ (ಕಾರ್ಬನ್ ನಾರಿನ ರಿಮ್ ಇರುವ ಚಕ್ರದ ಜೋಡಿ) ಹಾಕಿಸಬೇಕು ಅಂತ ನನ್ನ ಹತ್ತಿರ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ. "ಅಣ್ಣಾ, 50 ಎಂಎಂ ತಗೊಳ್ಳಲಾ, 40 ಸಾಕಾ?" ರಿಮ್ಮಿನ ಎತ್ತರ ಎಷ್ಟಿರಬೇಕು ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಚಿಕ್ಕಮಗಳೂರಲ್ಲಿದ್ದು ಆಗಾಗ ಮುಳ್ಳಯ್ಯನಗಿರಿ ಹತ್ತಿ ಇಳಿಯುವವರು ಮೊದಲು ನೋಡಬೇಕಾದದ್ದು ತಮ್ಮ ಸೈಕಲ್ಲಿನ ಬ್ರೇಕನ್ನು. ಪ್ಯಾಡ್ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಾ, ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕಾ?

ರಿಮ್ ಬ್ರೇಕ್ ಆದರೆ ನಾನು ಹೇಳೋದು ಒಂದೇ, ಕಾರ್ಬನ್ ಬೇಡ. ಯಾವ ಬ್ರ್ಯಾಂಡ್ ಆದರೂ ಬೇಡ, ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ಊರು ಸುಮಾರು 1,090. ಮೇಲಿಂದ ಕೆಳಗೆ ಬರುವಾಗ 840 ಮೀಟರ್ ಇಳಿಯುತ್ತೀರಿ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲಾ ಸೇರಿ 80 ಕಿಲೋ ಅಂದುಕೊಂಡರೆ ಅಷ್ಟು ಇಳಿತದಲ್ಲಿ ಹೊರಬೀಳುವ ಶಕ್ತಿ ಸುಮಾರು 6.5 ಲಕ್ಷ ಜೌಲ್, ಅಂದರೆ ಎರಡು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ. ನೇರ ರಸ್ತೆಯಲ್ಲಿ ವೇಗವಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿಯೇ ತಿಂದುಹಾಕುತ್ತದೆ. ಆದರೆ ಸೀತಾಳಯ್ಯನಗಿರಿಯಿಂದ ಮೇಲಿನ ಆ ಕಿರಿದಾದ ರಸ್ತೆಯಲ್ಲಿ, ಎದುರಿಗೆ ಜೀಪು ಬರುತ್ತಿರುವಾಗ, ತಿರುವಿನ ಮೇಲೆ ತಿರುವು ಇರುವಾಗ ಯಾರು ವೇಗವಾಗಿ ಇಳಿಯುತ್ತಾರೆ? ಬ್ರೇಕ್ ಹಿಡಿದುಕೊಂಡೇ ಇಳಿಯಬೇಕು. ಆ ಬಿಸಿಯೆಲ್ಲಾ ಹೋಗೋದು ರಿಮ್ಮಿಗೆ.

ಅಲ್ಯೂಮಿನಿಯಂ ರಿಮ್ ಬಿಸಿಯನ್ನು ಬೇಗ ಸುತ್ತಲೂ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ಹಾಗಲ್ಲ, ಪ್ಯಾಡ್ ಉಜ್ಜುವ ಜಾಗದಲ್ಲೇ ಬಿಸಿ ನಿಂತುಬಿಡುತ್ತದೆ. ಕಾರ್ಬನ್ ನಾರುಗಳಿಗೆ ಬಿಸಿಯಿಂದ ಏನೂ ಆಗುವುದಿಲ್ಲ. ಅವನ್ನು ಅಂಟಿಸಿಟ್ಟಿರುವ ರೆಸಿನ್ ಒಂದು ಹಂತದ ಮೇಲೆ ಮೆತ್ತಗಾಗಲು ಶುರುವಾಗುತ್ತದೆ. ಒಳಗಿಂದ ಟೈರಿನ ಗಾಳಿ ರಿಮ್ಮಿನ ಗೋಡೆಯನ್ನು ಹೊರಕ್ಕೆ ತಳ್ಳುತ್ತಾ ಇರುತ್ತದೆ, ಬಿಸಿಗೆ ಆ ಒತ್ತಡವೂ ಏರುತ್ತದೆ. ಗೋಡೆ ಉಬ್ಬುತ್ತದೆ, ಪದರ ಬಿಡುತ್ತದೆ. ಉದ್ದದ ಇಳಿತಗಳಲ್ಲಿ ಹಳೆಯ ಕಾರ್ಬನ್ ಕ್ಲಿಂಚರ್‌ಗಳು (ಟ್ಯೂಬ್ ಹಾಕುವ ಮಾಮೂಲಿ ಟೈರಿನ ರಿಮ್‌ಗಳು) ಹೀಗೆ ಹಾಳಾದದ್ದು ಸೈಕಲ್ ಲೋಕಕ್ಕೆ ಗೊತ್ತಿರುವ ಸಂಗತಿ. ಆಮೇಲೆ ಕಂಪನಿಗಳು ಒಳ್ಳೆಯ ರೆಸಿನ್ ತಂದವು, ಕಾರ್ಬನ್‌ಗೆ ಅಂತಲೇ ಬೇರೆ ಪ್ಯಾಡ್ ತಂದವು, ನಿಜ. ಆದರೂ ಬ್ರೇಕನ್ನು ಒಂದೇ ಸಮನೆ ಹಿಡಿದಿರಬೇಡಿ ಅಂತ ಎಚ್ಚರಿಕೆ ಕೊಡೋದು ಬಿಟ್ಟಿಲ್ಲ. ಹಗುರ ಅಂತ ಈಗ ಎಲ್ಲರೂ ಹಾಕಿಸುತ್ತಿರುವ ಟಿಪಿಯು ಅನ್ನೋ ಪ್ಲಾಸ್ಟಿಕ್ಕಿನ ಟ್ಯೂಬ್‌ಗಳಲ್ಲೂ ಕೆಲವು ಡಿಸ್ಕ್‌ಗೆ ಮಾತ್ರ, ರಿಮ್ ಬ್ರೇಕ್ ಬಿಸಿಗೆ ಆಗಿಬರುವುದಿಲ್ಲ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣ ರಸ್ತೆ ಸಿಗುವುದೇ ಅಪರೂಪ. ಒದ್ದೆ ಕಾರ್ಬನ್ ರಿಮ್ ಮೇಲೆ ಲಿವರ್ ಒತ್ತಿದರೆ ಮೊದಲಿಗೆ ಏನೂ ಆಗುವುದಿಲ್ಲ. ಪ್ಯಾಡ್ ನೀರು ಒರೆಸುತ್ತದೆ, ಚಕ್ರ ಇನ್ನೂ ಸುತ್ತುತ್ತಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಹಿಡಿಯುತ್ತದೆ. ಜೊತೆಗೆ ಎಸ್ಟೇಟ್ ರಸ್ತೆಯಿಂದ ಹರಿದು ಬಂದ ಕೆಮ್ಮಣ್ಣು ಪ್ಯಾಡಿಗೆ ಕಚ್ಚಿಕೊಂಡು ಕರಕರ ಅಂತ ಸದ್ದು ಮಾಡುತ್ತಾ ರಿಮ್ಮನ್ನೇ ಉಜ್ಜಿಹಾಕುತ್ತದೆ. ಆ ಬ್ರೇಕ್ ಪಟ್ಟಿ ಒಮ್ಮೆ ಸವೆದರೆ ರಿಮ್ಮೇ ಹೋದ ಹಾಗೆ.

ಹಾಗಾದರೆ ರಿಮ್ ಬ್ರೇಕ್‌ನವರು ಏನು ಮಾಡಬೇಕು? 1500 ಗ್ರಾಂ ಆಸುಪಾಸಿನ ಒಳ್ಳೆಯ ಅಲಾಯ್ (ಅಲ್ಯೂಮಿನಿಯಂ) ವೀಲ್ ತಗೊಳ್ಳಿ. ಉಳಿದ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ. ಸೈಕಲ್ ಜೊತೆ ಬಂದ ದಪ್ಪ ತಂತಿ ಅಂಚಿನ ಟೈರ್ ತೆಗೆದು ಒಂದು ಒಳ್ಳೆಯ ರೇಸ್ ಟೈರ್ ಜೋಡಿ ಹಾಕಿದರೆ ಸಮತಟ್ಟು ರಸ್ತೆಯಲ್ಲಿ 10 ವಾಟ್‌ಗಿಂತ ಜಾಸ್ತಿ ಉಳಿಯಬಹುದು. ಕಡೂರು ರಸ್ತೆಯಲ್ಲಿ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಡಿಸ್ಕ್ ಬ್ರೇಕ್ ಇದ್ದವರ ಮಾತು ಬೇರೆ. ಬಿಸಿ ರೋಟರಿಗೆ, ಅಂದರೆ ಆ ಬ್ರೇಕ್ ತಟ್ಟೆಗೆ ಹೋಗುತ್ತದೆ, ರಿಮ್ಮಿಗೆ ಅದರ ತಲೆಬಿಸಿ ಇಲ್ಲ. ಅವರು ಕಾರ್ಬನ್ ಧೈರ್ಯವಾಗಿ ತಗೊಳ್ಳಬಹುದು. ಆದರೆ ಮುಂದೆ 140 ಎಂಎಂ ರೋಟರ್ ಇದ್ದರೆ, ನಿಮ್ಮ ಫೋರ್ಕ್ ತಗೊಳ್ಳುತ್ತೆ ಅಂತಾದರೆ, ಮೊದಲು 160 ಮಾಡಿಸಿ, ಆಮೇಲೆ ವೀಲ್ ಕಡೆ ನೋಡಿ.

ತೂಕದ ವಿಷಯ. ಹಳೆ ಅಲಾಯ್ ತೆಗೆದು ಕಾರ್ಬನ್ ಹಾಕಿದರೆ ಸಾಮಾನ್ಯವಾಗಿ 400 ಗ್ರಾಂನಷ್ಟು ಇಳಿಯುತ್ತದೆ. 80 ಕಿಲೋದಲ್ಲಿ ಅದು ಅರ್ಧ ಪರ್ಸೆಂಟ್. ಒಂದು ಗಂಟೆಯ ಕಡಿದಾದ ಏರಿನಲ್ಲಿ ಉಳಿಯೋದು ಹೆಚ್ಚೆಂದರೆ 18 ಸೆಕೆಂಡ್. "ತಿರುಗುವ ತೂಕ ಅಲ್ವಾ, ಡಬಲ್ ಲೆಕ್ಕ" ಅಂತ ವಾದ ಮಾಡುವವರಿಗೆ: ಅದು ವೇಗ ಏರಿಸುವಾಗ ಮಾತ್ರ. ಕೈಮರದಿಂದ ಒಂದೇ ಹದದಲ್ಲಿ ಹತ್ತುತ್ತಿದ್ದರೆ ರಿಮ್ಮಿನ ಒಂದು ಗ್ರಾಂಗೂ ಫ್ರೇಮಿನ ಒಂದು ಗ್ರಾಂಗೂ ವ್ಯತ್ಯಾಸವೇ ಇಲ್ಲ. ಹಾಗಂತ ಹಗುರ ವೀಲ್ ಬೇಡ ಅಂತಲ್ಲ. ಸೀಟಿನಿಂದ ಎದ್ದು ತುಳಿದಾಗ ಸೈಕಲ್ ಚುರುಕಾಗಿ ಮುಂದೆ ಹೋಗುವ ಖುಷಿ ನಿಜವಾದ ಖುಷಿ, ಅದಕ್ಕೆ ದುಡ್ಡು ಕೊಡಬಹುದು. ಆದರೆ 100 ಗ್ರಾಂ ಕಡಿಮೆ ಅಂತ ಇನ್ನೂ ಮೂವತ್ತು ಸಾವಿರ ಸುರಿಯುವಾಗ ಈ ಲೆಕ್ಕ ತಲೆಯಲ್ಲಿರಲಿ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ಹುಕ್‌ಲೆಸ್ ರಿಮ್. ಮಾಮೂಲಿ ರಿಮ್ಮಿನ ಒಳ ಅಂಚಿನಲ್ಲಿ ಟೈರನ್ನು ಹಿಡಿದಿಡಲು ಸಣ್ಣ ಕೊಕ್ಕೆ ಇರುತ್ತದೆ. ಹುಕ್‌ಲೆಸ್‌ನಲ್ಲಿ ಅದಿಲ್ಲ, ಗೋಡೆ ನೆಟ್ಟಗಿರುತ್ತದೆ. ತಯಾರಿಸೋದು ಸುಲಭ ಆದ್ದರಿಂದ ಬೆಲೆಯೂ ಸ್ವಲ್ಪ ಕಡಿಮೆ. ಅದಕ್ಕೆ ಒತ್ತಡದ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಟ್ಯೂಬ್‌ಲೆಸ್ ಟೈರೇ ಬೇಕು, ಅದೂ ಆ ರಿಮ್ಮಿಗೆ ಆಗುತ್ತದೆ ಅಂತ ಕಂಪನಿ ಒಪ್ಪಿರುವ ಟೈರೇ ಆಗಬೇಕು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸ್‌ನಲ್ಲಿ ಬೆಲ್ಜಿಯಂನ ಸೈಕಲ್ ಸ್ಪರ್ಧಿ ಥಾಮಸ್ ಡಿ ಗೆಂಟ್ ಬಿದ್ದಾಗ ಅವರ ಟೈರ್ ಹುಕ್‌ಲೆಸ್ ರಿಮ್ಮಿನಿಂದ ಕಳಚಿ ಬಂದಿತ್ತು. ಹಿಂದೆ ಟೀಮ್ ಕಾರು, ಮೆಕ್ಯಾನಿಕ್ ಎಲ್ಲಾ ಇರುವವರ ಕಥೆ ಅದು. ನಮ್ಮಲ್ಲಿ ಇನ್ನೂ ಕಣ್ಣು ಮುಚ್ಚಿಕೊಂಡು 100 ಪಿಎಸ್‌ಐ ಹೊಡೆಯುವ ಅಭ್ಯಾಸ ಇದೆ. ಆಲ್ದೂರಿನ ಹತ್ತಿರ ಟೈರ್ ಕೊಯ್ದುಹೋದರೆ ಅಲ್ಲಿ ಸಿಗುವ ಟೈರನ್ನು ಹಾಕಿಕೊಂಡು ಮನೆ ಸೇರಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿ ಆ ಟೈರ್ ಇದೆಯಾ ಅಂತ ಯಾರು ನೋಡುತ್ತಾರೆ? ಆದ್ದರಿಂದ ಕೊಕ್ಕೆ ಇರುವ ರಿಮ್ಮೇ ತಗೊಳ್ಳಿ. ಒಳಗಿನ ಅಗಲ 21 ರಿಂದ 23 ಎಂಎಂ ಇರಲಿ, ಫ್ರೇಮಿನಲ್ಲಿ ಜಾಗ ಇದ್ದರೆ 30 ಎಂಎಂ ಟೈರ್ ಹಾಕಿ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ಗುಂಡಿ ನಿಮಗೇ ಗೊತ್ತು. ಅಲಾಯ್ ರಿಮ್ ಗುಂಡಿಗೆ ಬಿದ್ದರೆ ಸೊಟ್ಟಗಾಗುತ್ತದೆ, ಕಾರ್ಬನ್ ಸೊಟ್ಟಗಾಗಲ್ಲ, ಬಿರುಕು ಬಿಡುತ್ತದೆ. ಅಗಲ ಟೈರೇ ಅದಕ್ಕೆ ರಕ್ಷಣೆ.

ಎತ್ತರದ ಬಗ್ಗೆ ಈಗ ಹೇಳಬಹುದು. ಗಿರಿ ಕಡೆ ಜಾಸ್ತಿ ಹೋಗುವವರಿಗೆ 35 ರಿಂದ 40 ಸಾಕು. ಸಿಲ್ವರ್ ಓಕ್ ಮರಗಳ ಮರೆ ಮುಗಿದು ಹುಲ್ಲುಗಾವಲಿಗೆ ಬಂದ ತಕ್ಷಣ ಪಕ್ಕದಿಂದ ಗಾಳಿ ಬಂದು ಮುಂದಿನ ಚಕ್ರಕ್ಕೆ ಬಡಿಯುತ್ತದೆ. ಒಂದು ಕಡೆ ಪ್ರಪಾತ, 60 ಎಂಎಂ ರಿಮ್ ಹಾಕಿಕೊಂಡು ಅಲ್ಲಿ ಹ್ಯಾಂಡಲ್ ಅಲುಗಿದರೆ ಹೇಗಿರುತ್ತದೆ ಅಂತ ಯೋಚಿಸಿ. ಎತ್ತರದ ರಿಮ್ಮಿನ ಲಾಭ ಇರೋದು 30-35 ಕಿಲೋಮೀಟರ್ ವೇಗ ದಾಟಿದ ಮೇಲೆ. ಕಡೂರು, ಬೀರೂರು ಕಡೆಯ ಬಯಲಲ್ಲಿ ಗುಂಪಾಗಿ ಓಡಿಸುವವರು ಬೇಕಾದರೆ 50ಕ್ಕೆ ಹೋಗಲಿ. ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ರೇಸ್‌ಗಳಲ್ಲೇ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2026ರ ಜನವರಿಯಿಂದ 65 ಎಂಎಂ ಮಿತಿ ಹಾಕಿದೆ.

ಹಬ್ ಮತ್ತು ಕಡ್ಡಿ ಬಗ್ಗೆ ಯಾರೂ ಕೇಳುವುದೇ ಇಲ್ಲ, ನನಗೆ ಅದೇ ಬೇಜಾರು. ಇಲ್ಲಿ ಮೊದಲು ಕೆಡೋದು ಬೇರಿಂಗ್. ಒಂದು ಮಳೆಗಾಲ ಕಳೆದ ಮೇಲೆ ಚಕ್ರ ಬಿಚ್ಚಿ ಆಕ್ಸಲ್ ಜಾಗಕ್ಕೆ ಬೆರಳು ಹಾಕಿ ತಿರುಗಿಸಿ ನೋಡಿ, ಮರಳು ಸಿಕ್ಕಿಕೊಂಡ ಹಾಗೆ ತಡೆದು ತಡೆದು ತಿರುಗಿದರೆ ಮುಗಿಯಿತು. ಹಬ್ಬಿನಲ್ಲಿ ಮಾಮೂಲಿ ನಂಬರಿನ ಕಾರ್ಟ್ರಿಜ್ ಬೇರಿಂಗ್ ಇದ್ದರೆ ಚಿಂತೆಯಿಲ್ಲ. ರಬ್ಬರ್ ಸೀಲ್ ಒರೆಸಿದರೆ 6902 ಥರದ ನಂಬರ್ ಕಾಣುತ್ತದೆ, 6902 ಅಂದರೆ ಒಳಗೆ 15, ಹೊರಗೆ 28, ದಪ್ಪ 7 ಎಂಎಂ. ಪಂಪ್‌ಸೆಟ್, ಕಾಫಿ ಪಲ್ಪರ್‌ಗೆ ಬೇರಿಂಗ್ ಮಾರುವ ಅಂಗಡಿಯವರಿಗೆ ಆ ನಂಬರ್ ಹೇಳಿದರೆ ಸಾಕು. ಅವರ ಹತ್ತಿರ ಇಲ್ಲದಿದ್ದರೂ ತರಿಸಿಕೊಡುತ್ತಾರೆ. ಕಡ್ಡಿಯೂ ಅಷ್ಟೇ. ಕಾರ್ಬನ್ ಕಡ್ಡಿ ನೋಡಲು ಚೆಂದ, ಆದರೆ ಒಂದು ಮುರಿದರೆ ಕೊರಿಯರ್ ದಾರಿ ಕಾಯುತ್ತಾ ಕೂರಬೇಕು. ತುದಿ ಬಾಗಿರುವ ಸ್ಟೀಲ್ ಕಡ್ಡಿ, ಹೊರಗಿಂದ ಕೀಲಿ ಹಾಕಿ ತಿರುಗಿಸುವಂಥ ನಿಪ್ಪಲ್ (ಕಡ್ಡಿ ಬಿಗಿಯುವ ನಟ್) ಇರುವ ವೀಲ್ ತಗೊಳ್ಳಿ. ನಮ್ಮೂರಿನ ಯಾವ ಹಳೆಯ ಸೈಕಲ್ ಶಾಪಿನವರಾದರೂ ಅದರ ಬೆಂಡ್ ತೆಗೆದುಕೊಡುತ್ತಾರೆ. ಆರ್ಡರ್ ಮಾಡುವಾಗಲೇ ಪ್ರತಿ ಅಳತೆಯ ಎರಡೆರಡು ಕಡ್ಡಿ ಜಾಸ್ತಿ ಕೇಳಿ, ಮುಂದೆ 12x100, ಹಿಂದೆ 12x142 ಆಕ್ಸಲ್ ನಿಮ್ಮ ಫ್ರೇಮಿಗೆ ಸರಿಹೋಗುತ್ತಾ, ಫ್ರೀಹಬ್ (ಹಿಂದಿನ ಗಿಯರ್ ಹಲ್ಲುಚಕ್ರ ಕೂರುವ ಭಾಗ) ಶಿಮಾನೋದಾ ಸ್ರಾಮ್ ಎಕ್ಸ್‌ಡಿಆರ್‌ದಾ ಅಂತ ನೋಡಿಕೊಳ್ಳಿ. ಚೀನಾದಿಂದ ನೇರ ತರಿಸುವವರು ಕಸ್ಟಮ್ಸ್ ಡ್ಯೂಟಿ ಸೇರಿಸಿ ಬೆಲೆ ಲೆಕ್ಕ ಹಾಕಿ. ಒಡೆದರೆ ವಾಪಸ್ ಕಳಿಸುವ ಖರ್ಚು ಯಾರದು ಅಂತ ಮೊದಲೇ ಕೇಳಿ, ಉತ್ತರ ಬರೆದು ಕೊಡಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಒಂದು ಮಾತು. ಫೋಟೋ ನೋಡಿ ದುಡ್ಡು ಹಾಕಬೇಡಿ. ಚಕ್ರ ಕೈಗೆ ತಗೊಂಡು ಟೈರ್ ತೆಗೆಸಿ, ಒಳಗಿನ ಟೇಪ್ ಬಿಚ್ಚಿಸಿ, ಕಡ್ಡಿ ಕೂರುವ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ನಾಣ್ಯದಲ್ಲಿ ರಿಮ್ ಸುತ್ತಲೂ ತಟ್ಟುತ್ತಾ ಹೋಗಿ, ಎಲ್ಲಾ ಕಡೆ ಟಣ್ ಅನ್ನುತ್ತಿದ್ದದ್ದು ಒಂದು ಜಾಗದಲ್ಲಿ ಮಂಕಾಗಿ ದಬ್ ಅಂದರೆ ಅಲ್ಲಿ ಪದರ ಬಿಟ್ಟಿರುವ ಸಾಧ್ಯತೆ ಇದೆ. ಟೇಪ್ ಬಿಚ್ಚಲು ಒಪ್ಪದವರ ಹತ್ತಿರ ಎಷ್ಟೇ ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.