ಚುಕ್ಕಾಣಿ ಹಿಡಿದ ಗ್ಲಾಡಿಸ್

ಅಧಿಕಾರದ ಚುಕ್ಕಾಣಿ ಹಿಡಿದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ನಿಜವಾದ ಚುಕ್ಕಾಣಿಯನ್ನು ಬಾಯಲ್ಲಿ ಹಿಡಿದವರೆಂದರೆ ಸ್ಪೇನಿನ ದಕ್ಷಿಣ ತುದಿಯ ಜಿಬ್ರಾಲ್ಟರ್ ಜಲಸಂಧಿಯ ಓರ್ಕಾಗಳೇ, ಅಂದರೆ 'ಕೊಲೆಗಾರ ತಿಮಿಂಗಿಲ' ಎಂದು ಹೆಸರಾದ, ಮೈಯೆಲ್ಲ ಕಪ್ಪು ಬಿಳುಪಿನ ಕಡಲ ಪ್ರಾಣಿಗಳೇ. ಹಿಡಿಯುತ್ತವೆ, ಅಲ್ಲಾಡಿಸುತ್ತವೆ, ಮುರಿಯುತ್ತವೆ, ಆಮೇಲೆ ಸುಮ್ನೆ ಹೊರಟುಹೋಗುತ್ತವೆ. ಐದು ವರ್ಷ ಕೂರುವ ಆಸೆಯೇ ಇಲ್ಲ.

2020ರಿಂದ ಸ್ಪೇನ್, ಪೋರ್ಚುಗಲ್ ಕಡಲಲ್ಲಿ ಇದೇ ಕಥೆ. ಹಾಯಿದೋಣಿ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಹಿಂದಿನಿಂದ ಒಂದು ಗುದ್ದು. ಸ್ಟೀರಿಂಗ್ ಚಕ್ರ ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗುತ್ತದೆ. ಬಗ್ಗಿ ನೋಡಿದರೆ ಚುಕ್ಕಾಣಿಯ ಚೂರುಗಳು ತೇಲುತ್ತಿವೆ. ಅದರಲ್ಲೊಂದನ್ನು ಕಚ್ಚಿಕೊಂಡು ಒಂದು ಓರ್ಕಾ ಈಜುತ್ತಿದೆ, ಪಕ್ಕದ ಮನೆ ನಾಯಿ ನಮ್ಮ ಚಪ್ಪಲಿ ಹೊತ್ತೊಯ್ದ ಹಾಗೆ. ಕೆಲವು ದೋಣಿಗಳು ಮುಳುಗಿಯೂ ಹೋಗಿವೆ. ಯಾರೂ ಸತ್ತಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಇಲ್ಲಿ ಇಲಿಗೆ ಇನ್ಶೂರೆನ್ಸ್ ಇದೆ. ಅಳಿವಿನ ಅಂಚಿನಲ್ಲಿರುವುದು ಬೆಕ್ಕು. ಈ ಗುಂಪಿನ ಓರ್ಕಾಗಳನ್ನೆಲ್ಲ ಸೇರಿಸಿ ಎಣಿಸಿದರೂ 50 ದಾಟುವುದಿಲ್ಲ.

ಇನ್ನು ಎರಡು ಕಾಲಿನವರ ವಿಷಯಕ್ಕೆ ಬರೋಣ. ಮೊದಲು ಸರ್ಕಾರ. 2021ರ ಆಗಸ್ಟಿನಲ್ಲಿ ಸ್ಪೇನ್, ತನ್ನ ದಕ್ಷಿಣ ಕರಾವಳಿಯ ಟ್ರಫಾಲ್ಗರ್ ಭೂಶಿರದಿಂದ ಬಾರ್ಬಾಟೆ ಬಂದರಿನವರೆಗೆ 15 ಮೀಟರಿಗಿಂತ ಚಿಕ್ಕ ಹಾಯಿದೋಣಿಗಳು ಕೆಲವು ದಿನ ಓಡಾಡಕೂಡದು ಎಂದಿತು. ಜೊತೆಗೆ ಸಲಹೆಗಳು ಬೇರೆ. ಓರ್ಕಾ ಬಂದರೆ ದೋಣಿ ನಿಲ್ಲಿಸಿ, ಹಾಯಿ ಇಳಿಸಿ, ಚಕ್ರ ಬಿಟ್ಟುಬಿಡಿ, ಕೂಗಾಡಬೇಡಿ. ಜನ ಪಾಪ ಹಾಗೇ ಮಾಡಿದರು. ಸ್ವಲ್ಪ ವರ್ಷದ ಮೇಲೆ ಬಂದದ್ದು ಇನ್ನೊಂದು ಸಲಹೆ: ನಿಲ್ಲಿಸಲೇಬೇಡಿ, ಎಂಜಿನ್ ಹಾಕಿ ದಡದ ಕಡೆ ಓಡಿ. ನಮ್ಮ ಅತ್ತೆಯೊಬ್ಬರು ಮೊದಲು ಹುಣಸೆಹುಳಿ ಜಾಸ್ತಿ ಹಾಕು ಎಂದು, ಸಾರು ಕೆಟ್ಟ ಮೇಲೆ "ಯಾರು ಹೇಳಿದ್ದು ಹಾಕು ಅಂತ?" ಎಂದು ಕೇಳುತ್ತಿದ್ದರು. ಅದು ನೆನಪಾಯಿತು.

ಸ್ಪೇನಿನಲ್ಲಿ ಇನ್ನೊಂದು ಕಾನೂನಿದೆ, 2007ರದ್ದು. ತಿಮಿಂಗಿಲ, ಡಾಲ್ಫಿನ್ ಜಾತಿಯ ಪ್ರಾಣಿಗಳಿಂದ ದೋಣಿ 60 ಮೀಟರ್ ದೂರ ಇರಬೇಕು. ಓರ್ಕಾವೂ ಡಾಲ್ಫಿನ್ ಕುಟುಂಬದ್ದೇ. ದೋಣಿಯವರು ಪಾಲಿಸುತ್ತಾರೆ. ಗೆಜೆಟ್ ಓದದವರು ಓರ್ಕಾಗಳು ಮಾತ್ರ.

ನಾವಿಕರು ಕೈಕಟ್ಟಿ ಕೂರಲಿಲ್ಲ. ನೀರಿಗೆ ಮರಳು ಸುರಿದರು. ಪಟಾಕಿ ಹೊಡೆದರು. 2023ರಲ್ಲಿ ಒಂದು ದೋಣಿಯವರು ನೀರಿನೊಳಗೆ ಸ್ಪೀಕರ್ ಇಳಿಸಿ ಕಿವಿ ಹರಿಯುವಂಥ ಹೆವಿ ಮೆಟಲ್ ಹಾಕಿದರು. ಓರ್ಕಾಗಳು ಬಂದು ಚುಕ್ಕಾಣಿ ಮುರಿದವು. ಆರ್ಕೆಸ್ಟ್ರಾ ಇಟ್ಟರೆ ಜನ ಸೇರದೇ ಇರ್ತಾರಾ?

ಆದರೆ ಇವರೆಲ್ಲರನ್ನೂ ಮೀರಿಸಿದ್ದು ದಡದಲ್ಲಿ ಮೊಬೈಲ್ ಹಿಡಿದು ಕೂತ ನಾವು. ಬಿಳಿ ಗ್ಲಾಡಿಸ್ ಎಂಬ ಹೆಣ್ಣು ಓರ್ಕಾಗೆ ಯಾವುದೋ ದೋಣಿ ಗಾಯ ಮಾಡಿರಬಹುದು ಎಂದು ಒಬ್ಬ ಸಂಶೋಧಕರು ಊಹಿಸಿದ್ದೇ ತಡ, ಸೇಡಿನ ನಾಗಿಣಿಯರ ಸಿನಿಮಾ ನೋಡಿ ಬೆಳೆದ ನಮಗೆ ಉಳಿದ ಕಥೆ ತಾನಾಗಿಯೇ ಸಿಕ್ಕಿತು. ಗಾಯಗೊಂಡ ತಾಯಿ, ಶಪಥ, ಸೈನ್ಯ. ಇನ್ನು ಕೆಲವರಿಗೆ ಅವಳು ಕಾಮ್ರೇಡ್: ಶ್ರೀಮಂತರ ಯಾಟ್ ಮುಳುಗಿಸುವ ಕ್ರಾಂತಿಕಾರಿ! ಟೀ ಶರ್ಟುಗಳೂ ಬಂದವು. ಗ್ಲಾಡಿಸ್ ಮುರಿದದ್ದು ಹೆಚ್ಚಾಗಿ 15 ಮೀಟರಿನೊಳಗಿನ ಸಣ್ಣ ದೋಣಿಗಳನ್ನು. ಹೆಲಿಕಾಪ್ಟರ್ ಇಳಿಯುವಂಥ ಯಾಟುಗಳು ಆರಾಮಾಗಿ ಪಕ್ಕದಲ್ಲೇ ಹಾದುಹೋದವು. ನಮ್ಮ ಕಡೆ ಒತ್ತುವರಿ ತೆರವು ನೋಡಿದವರಿಗೆ ಇದರಲ್ಲೇನೂ ಹೊಸದಿಲ್ಲ.

ಕೊನೆಗೆ 2023ರ ಆಗಸ್ಟಿನಲ್ಲಿ ಮೂವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು: ದಯವಿಟ್ಟು ಕಥೆ ಕಟ್ಟಬೇಡಿ. ಅದರ ಮುಂದಿನ ವರ್ಷ ತಜ್ಞರು ಕೂತು ಮಾತಾಡಿ ಹೇಳಿದ್ದು ಇಷ್ಟೇ: ಇದು ಬಹುತೇಕ ಆಟ. ಅವು ತಿನ್ನುವ ಬ್ಲೂಫಿನ್ ಟ್ಯೂನಾ ಮೀನು ಮತ್ತೆ ಹೆಚ್ಚಿದೆ, ಹೊಟ್ಟೆ ತುಂಬಿದೆ, ಹುಡುಗರಿಗೆ ಟೈಮ್ ಇದೆ. 1987ರಲ್ಲಿ ಅಮೆರಿಕದ ಪ್ಯೂಜೆಟ್ ಸೌಂಡಿನಲ್ಲಿ ಓರ್ಕಾಗಳು ಸತ್ತ ಸಾಲ್ಮನ್ ಮೀನನ್ನು ಟೋಪಿಯ ಹಾಗೆ ತಲೆ ಮೇಲಿಟ್ಟುಕೊಂಡು ಓಡಾಡಿದ್ದವು. ಆಗ ಯಾರೂ ಕ್ರಾಂತಿ ಎನ್ನಲಿಲ್ಲ. ಟೋಪಿ ಹಾಕಿಸಿಕೊಂಡವರು ನಾವಾಗಿರಲಿಲ್ಲ, ಅದಕ್ಕೇ ಇರಬೇಕು.

ಅಂದಹಾಗೆ, ದೋಣಿಗಳ ಹಿಂದೆ ಬೀಳುವ ಈ ಓರ್ಕಾಗಳಿಗೆಲ್ಲ ಸಂಶೋಧಕರು ಇಟ್ಟಿರುವ ಹೆಸರು ಗ್ಲಾಡಿಸ್. ಬಿಳಿ ಗ್ಲಾಡಿಸ್, ಕರಿ ಗ್ಲಾಡಿಸ್, ಹೀಗೆ ಮುಂದುವರಿಯುತ್ತದೆ. ನನಗೆ ಚಿಂತೆ ಬಾರ್ಬಾಟೆ ಬಂದರಿನಲ್ಲಿ ಒದ್ದೆ ಬಟ್ಟೆಯಲ್ಲೇ ಇನ್ಶೂರೆನ್ಸ್ ಫಾರಂ ತುಂಬುತ್ತಿರುವ ಆ ಮನುಷ್ಯನದ್ದು.

"ನಷ್ಟ ಮಾಡಿದ್ದು ಯಾರು?"

"ಗ್ಲಾಡಿಸ್."

"ಯಾವ ಗ್ಲಾಡಿಸ್? ಬಿಳಿಯಾ, ಕರಿಯಾ?"

"ಸಾರ್, ಎರಡೂ ಬಣ್ಣ ಇತ್ತು."